ಕೂದಲಿನ ಮಾತ್ರೆ ಕೆಡಿಸಿದ ಥೈರಾಯ್ಡ್ ರಿಪೋರ್ಟು

ನಮ್ಮ ಲ್ಯಾಬಿನಲ್ಲಿ ಒಬ್ಬ ಮಹಿಳೆಯ ರಿಪೋರ್ಟು: ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) 0.12, ಅಂದರೆ ಕಡಿಮೆ; ಫ್ರೀ ಟಿ4 (ಥೈರಾಯ್ಡ್ ಮಾಡುವ ಹಾರ್ಮೋನ್) ಜಾಸ್ತಿ. ರಿಪೋರ್ಟ್ ನೋಡಿದರೆ ಹೈಪರ್‌ಥೈರಾಯ್ಡ್, ಅಂದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆ. ಆದರೆ ಆಕೆಗೆ ಕೈ ನಡುಕವಿಲ್ಲ, ತೂಕವೂ ಇಳಿದಿಲ್ಲ. ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ನೋಡುವ ಕಂಟ್ರೋಲ್‌ಗಳೂ ಸರಿಯಾಗಿಯೇ ಇದ್ದವು. ಫೋನ್ ಮಾಡಿದೆ.

"ಕೂದಲು ಉದುರೋದಕ್ಕೆ ಏನಾದ್ರೂ ತಗೋತೀರಾ ಅಮ್ಮಾ?"

"ಹೂಂ, ಬಯೋಟಿನ್ 10 ಮಿಲಿಗ್ರಾಂ. ಅವತ್ತೂ ನುಂಗಿಯೇ ಬಂದಿದ್ದೆ."

ಸಿಕ್ಕಿಬಿತ್ತು! ಬಯೋಟಿನ್ ಅಂದರೆ ಒಂದು ಬಿ ವಿಟಮಿನ್. ನಮ್ಮ ಪರೀಕ್ಷೆಯ ಕಿಟ್ಟಿನಲ್ಲಿ ಹಾರ್ಮೋನನ್ನು ಹಿಡಿಯುವ ಆಂಟಿಬಾಡಿಗೆ ಅಂಟಿಸಿದ ಬಯೋಟಿನ್ ಹೋಗಿ, ಬಯೋಟಿನ್ ಹಿಡಿಯುವ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನ ಮಣಿಗೆ ಕೂರಬೇಕು. ರಕ್ತದಲ್ಲಿರುವ ಬಯೋಟಿನ್ ಟವಲ್ ಹಾಕಿ ಸೀಟು ಹಿಡಿದಂತೆ ಆ ಜಾಗ ಹಿಡಿದುಬಿಡುತ್ತದೆ. ಯಂತ್ರ ಓದುವ ಸಿಗ್ನಲ್ ಕಡಿಮೆಯಾಗುತ್ತದೆ. ಸ್ಯಾಂಡ್‌ವಿಚ್ ಬಗೆಯ (ಹಾರ್ಮೋನನ್ನು ಎರಡು ಆಂಟಿಬಾಡಿಗಳ ನಡುವೆ ಹಿಡಿಯುವ) ಟಿಎಸ್‌ಎಚ್ ಪರೀಕ್ಷೆಯಲ್ಲಿ ಸಿಗ್ನಲ್ ಕಡಿಮೆಯಾದರೆ ಅಂಕಿ ಇಳಿಯುತ್ತದೆ. ಕಾಂಪಿಟಿಟಿವ್ ಬಗೆಯ (ರಕ್ತದ ಹಾರ್ಮೋನ್ ಕಿಟ್ಟಿನ ಹಾರ್ಮೋನಿನ ಜೊತೆ ಜಾಗಕ್ಕೆ ಪೈಪೋಟಿ ಮಾಡುವ) ಟಿ4 ಪರೀಕ್ಷೆಯಲ್ಲಿ ಉಲ್ಟಾ, ಏರುತ್ತದೆ. ಹಾಗಾಗಿ ಎರಡೂ ಸೇರಿ ನಿಜವಾದ ಕಾಯಿಲೆಯಂತೆಯೇ ಕಾಣುತ್ತವೆ, ಅದೇ ಕಿರಿಕಿರಿ.

ಮಾತ್ರೆ ಎರಡು ದಿನ ನಿಲ್ಲಿಸಿ ಮತ್ತೆ ರಕ್ತ ತೆಗೆದೆವು. ಟಿಎಸ್‌ಎಚ್ 2.1, ಅಂದರೆ ಮಾಮೂಲು. ಈಗ ರಕ್ತ ತೆಗೆಯೋಕೆ ಮುಂಚೆಯೇ ಕೂದಲಿನ ಮಾತ್ರೆ ವಿಚಾರಿಸುತ್ತೇವೆ.