ಅತಿಥಿಗಳನ್ನು ದೋಣಿ ಹತ್ತಿಸುವ ಮುಂಚೆ

ನಮ್ಮ ರೋಯಿಂಗ್ ಕ್ಲಬ್ಬಿಗೆ ಬರುವ ಅತಿಥಿಗಳನ್ನು ನೋಡಿಕೊಳ್ಳುವ ಕೆಲಸ ನನಗೆ ಬಂದಾಗ, ಇದರಲ್ಲೇನಿದೆ, ನಗುತ್ತಾ ಬನ್ನಿ ಅಂದರಾಯಿತು ಅಂದುಕೊಂಡಿದ್ದೆ. ಮೊದಲ ದಿನವೇ ಒಬ್ಬರು ನೀರಿಗೆ ಬಿದ್ದರು.

ದಡದಲ್ಲಿದ್ದ ಅವರ ಗೆಳೆಯರು ಫೋಟೋ ತೆಗೆಯೋಕೆ ಕೂಗಿದರು. ಇವರು ಖುಷಿಯಲ್ಲಿ ಎರಡೂ ಕೈ ಎತ್ತಿದರು. ಒಬ್ಬರೇ ಕೂರುವ ಸಿಂಗಲ್ ದೋಣಿ ಸುಮಾರು 8 ಮೀಟರ್ ಉದ್ದ, ಅಗಲ ಮಾತ್ರ ಒಂದಡಿಯ ಆಸುಪಾಸು. ಅದು ಮಗುಚದೆ ನಿಲ್ಲುವುದೇ ಎರಡು ಹುಟ್ಟುಗಳ ಆಸರೆಯಲ್ಲಿ. ಹಿಡಿ ಬಿಟ್ಟರೆ ಮುಗೀತು. ಹೊಸಬರನ್ನು ಸಿಂಗಲ್‌ನಲ್ಲಿ ಕೂರಿಸಿದ್ದು ನನ್ನ ತಪ್ಪು. ಹುಟ್ಟು ಹಾಕುವ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದು, ಕೈ ಬಿಡಬೇಡಿ ಅನ್ನುವ ಒಂದೇ ಒಂದು ಮಾತು ಹೇಳದೇ ಇದ್ದದ್ದು ಇನ್ನೂ ದೊಡ್ಡ ತಪ್ಪು.

ಈಗ ಹೊಸಬರಿಗೆ ಕಾಕ್ಸ್ (ಹುಟ್ಟು ಹಾಕದೆ, ದಾರಿ ನೋಡಿ ದೋಣಿ ನಡೆಸುವವರು) ಇರುವ, ನಾಲ್ಕು ಜನ ಹುಟ್ಟು ಹಾಕುವ ಕ್ವಾಡ್ ದೋಣಿಯೇ. ನಮ್ಮವರು ಇಬ್ಬರು ಎರಡು ತುದಿಯಲ್ಲಿ, ಅತಿಥಿಗಳು ನಡುವೆ. ಇಬ್ಬರು ಹುಟ್ಟು ಹಾಕುವಾಗ ಉಳಿದಿಬ್ಬರು ಹುಟ್ಟಿನ ಅಗಲವಾದ ತುದಿಯನ್ನು, ಅಂದರೆ ಬ್ಲೇಡನ್ನು, ನೀರಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡರೆ ದೋಣಿ ಅಲುಗಾಡುವುದು ಎಷ್ಟೋ ಕಡಿಮೆ. ಗಾಬರಿಯೂ ಅಷ್ಟೇ ಕಡಿಮೆ.

ಅದಕ್ಕೂ ಮೊದಲು ಒಂದು ಪ್ರಶ್ನೆ: ಈಜು ಬರುತ್ತಾ? ಮೊದಲೆಲ್ಲಾ ಇದನ್ನು ಗುಂಪಿನಲ್ಲೇ ಕೇಳುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಹತ್ತು ಜನರ ಎದುರು ಬರಲ್ಲ ಅನ್ನೋಕೆ ಯಾರಿಗೂ ಮನಸ್ಸಾಗಲ್ಲ, ಅಲ್ವಾ? ಈಗ ಲೈಫ್ ಜಾಕೆಟ್ ಅಳತೆ ನೋಡುವ ನೆಪದಲ್ಲಿ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತೇನೆ. ಆಗ ನಿಜ ಹೊರಗೆ ಬರುತ್ತದೆ. "ಸ್ವಲ್ಪ ಬರುತ್ತೆ" ಅಂದರೆ ಬರಲ್ಲ ಅಂತಲೇ ಲೆಕ್ಕ.

ಆಮೇಲೆ ದೋಣಿ ಹತ್ತೋಕೆ ಇರುವ ತೇಲುವ ಕಟ್ಟೆ, ಅಂದರೆ ಪಾಂಟೂನ್‌ಗೆ ಕಟ್ಟಿದ ದೋಣಿಯಲ್ಲೇ ಕೂರಿಸಿ ಕಾಲಿನ ಪಾಠ. ಶೂ ದೋಣಿಗೇ ಜೋಡಿಸಿರುತ್ತದೆ. ಮಗುಚಿದರೆ ಕಾಲು ತಕ್ಷಣ ಹೊರಗೆ ಬರಬೇಕು. ಕಣ್ಣು ಮುಚ್ಚಿಸಿ, ಪಟ್ಟಿ ಎಳೆದು ಕಾಲು ಬಿಡಿಸಿಕೊಳ್ಳುವುದನ್ನು ಮೂರು ಸಲ ಮಾಡಿಸುತ್ತೇನೆ. ಬಿದ್ದರೆ ದಡಕ್ಕೆ ಈಜಬೇಡಿ, ದೋಣಿಯನ್ನೇ ಹಿಡಿದುಕೊಳ್ಳಿ, ಅದು ತೇಲುತ್ತೆ ಅಂತಲೂ ಹೇಳುತ್ತೇನೆ. ಹತ್ತುವಾಗ ಗುರುತು ಹಾಕಿದ ಜಾಗದಲ್ಲಿ ಮಾತ್ರ ಕಾಲಿಡಬೇಕು. ದೋಣಿಯ ಚಿಪ್ಪು ಎಷ್ಟು ತೆಳು ಅಂದರೆ, ಹಿಮ್ಮಡಿ ಸೀದಾ ನೀರಿಗೆ ಇಳಿದುಬಿಡುತ್ತೆ.

ನಿಜ ಹೇಳಬೇಕೆಂದರೆ ಹೊಸಬರೇ ವಾಸಿ. ಬೇರೆ ಕ್ಲಬ್ಬಿನಿಂದ ಬರುವ ಅನುಭವಿಗಳದ್ದೇ ತಲೆನೋವು ಜಾಸ್ತಿ. ಎಲ್ಲಾ ಗೊತ್ತು ಅಂದವರೊಬ್ಬರನ್ನು ನಂಬಿ, ಸಿಂಗಲ್ ಕೊಟ್ಟು ಕಳಿಸಿದ್ದೆ. ಅವರ ಕಡೆ ಹೋಗುವ ದಾರಿ ಎಡಕ್ಕಂತೆ, ನಮ್ಮಲ್ಲಿ ಬಲಕ್ಕೆ. ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಎದುರಿನಿಂದ ಎಂಟು ಜನರ ದೋಣಿ ಬಂತು. ರೋಯಿಂಗ್‌ನಲ್ಲಿ ಹುಟ್ಟು ಹಾಕುವವರ ಬೆನ್ನು ಮುಂದಕ್ಕೆ, ಮುಖ ಹಿಂದಕ್ಕೆ. ಇವರಿಗೆ ಏನೂ ಕಾಣಲಿಲ್ಲ. ಆ ದೋಣಿಯ ಕಾಕ್ಸ್ ಕಿರುಚಿ ನಿಲ್ಲಿಸಿದ್ದಕ್ಕೆ ಬಚಾವು. ದೋಣಿಯ ಮೂತಿಗೆ ರಬ್ಬರ್ ಚೆಂಡು ಸುಮ್ನೆ ಹಾಕಿರಲ್ಲ ಅಂತ ಅವತ್ತು ನನಗೆ ಸರಿಯಾಗಿ ಅರ್ಥವಾಯಿತು.

ಈಗ ಎಷ್ಟೇ ಪದಕ ಗೆದ್ದವರಾದರೂ ಬೋರ್ಡಿನ ಮೇಲೆ ದಾರಿ ಬರೆದು ತೋರಿಸುತ್ತೇನೆ. ನಿಲ್ಲಿಸೋಕೆ ನಾವು ಯಾವ ಪದ ಕೂಗುತ್ತೇವೆ ಅಂತ ಹೇಳಿ, ಅವರ ಬಾಯಲ್ಲೂ ಹೇಳಿಸುತ್ತೇನೆ. ಮೊದಲ ಸುತ್ತು ನಮ್ಮವರ ಜೊತೆಗೇ. ಕೆಲವರು ಮುಖ ಊದಿಸಿಕೊಳ್ಳುತ್ತಾರೆ. ಊದಿಸಿಕೊಳ್ಳಲಿ.

ಕೈ ಬಿಡಬೇಡಿ ಅಂತ ಪದೇ ಪದೇ ಹೇಳಿದ್ದಕ್ಕೆ ಇನ್ನೊಂದು ಫಜೀತಿ ಆಯಿತು. ಹೊಸಬರು ಹಿಡಿಯನ್ನು ಹಿಂಡಿ ಹಿಂಡಿ ಅಂಗೈ ತುಂಬಾ ಬೊಬ್ಬೆ. ಮುಷ್ಟಿ ಕಟ್ಟಬೇಡಿ, ಬಕೆಟ್ ಎತ್ತುವ ಹಾಗೆ ಬೆರಳು ಕೊಕ್ಕೆ ಮಾಡಿ ಅಂತ ತೋರಿಸುತ್ತೇನೆ. ಮೊದಲ ದಿನ ಯಾರಿಗೂ ತಲೆಗೆ ಹೋಗಲ್ಲ. ಅದಕ್ಕೇ ಬ್ಯಾಂಡೇಜ್ ಡಬ್ಬಿಯನ್ನು ಆಫೀಸಿನಿಂದ ತಂದು ಪಾಂಟೂನ್ ಪಕ್ಕದಲ್ಲೇ ಇಟ್ಟಿದ್ದೇನೆ.