ಎಂಟು ಮಕ್ಕಳಿಗೆ ಒಬ್ಬ ಅವ್ವ

ನರ್ಸರಿ ನಡೆಸುವವರೆಲ್ಲರ ಬಳಿ ಹಾಜರಿ ಪುಸ್ತಕ ಇರುತ್ತದೆ, ಫೀ ಪುಸ್ತಕ ಇರುತ್ತದೆ. ನನ್ನ ಬಳಿ ಮೂರನೆಯದೂ ಒಂದಿದೆ. ಯಾವ ಮಗು ಬೆಳಿಗ್ಗೆ ತಾಯಿಯ ಕೈ ಬಿಟ್ಟ ಮೇಲೆ ಎಷ್ಟು ಹೊತ್ತು ಅತ್ತಿತು ಎಂದು ಏಳೆಂಟು ವರ್ಷಗಳಿಂದ ಅದರಲ್ಲಿ ಬರೆದಿಡುತ್ತಿದ್ದೇನೆ. ಕಲಬುರಗಿಯಲ್ಲಿ ನನ್ನ ಹಾಗೆಯೇ ನರ್ಸರಿ ನಡೆಸುವ ಒಬ್ಬರು ಅದನ್ನು ತಿರುವಿ ನೋಡಿ ನಕ್ಕುಬಿಟ್ಟರು. “ಅಳದ ಮಗು ಎಲ್ಲಿದೆ ಅಕ್ಕಾ? ಹದಿನೈದು ದಿನ ಅತ್ತು ತಾನೇ ಸುಮ್ಮನಾಗುತ್ತದೆ” ಎಂದರು. ಸುಮ್ಮನಾಗುವುದೇನೋ ನಿಜ. ಹಾಗೆ ಸುಮ್ಮನಾದ ಮಕ್ಕಳಲ್ಲಿ ಕೆಲವು ಡಬ್ಬಿ ಮುಟ್ಟುವುದಿಲ್ಲ, ಮಧ್ಯಾಹ್ನದವರೆಗೂ ಮೂತ್ರ ತಡೆದುಕೊಂಡು ಕೂರುತ್ತವೆ. ಅದನ್ನು ನಾನೂ ಮೊದಲ ನಾಲ್ಕು ವರ್ಷ ಗಮನಿಸಿರಲಿಲ್ಲ.

ಆಳಂದ ರಸ್ತೆಯ ಕಡೆ ಬಾಡಿಗೆ ಮನೆ ಹಿಡಿದು ಶುರು ಮಾಡಿದ್ದು 2013ರಲ್ಲಿ. ಪಾಟಲಿ ಒತ್ತೆ ಇಟ್ಟು, ಒಂದು ಚೀಟಿ ಎತ್ತಿ, ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ ಹೊಂದಿಸಿದ್ದೆ. ಆ ಹಣ ಹೋದ ದಾರಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಗೋಡೆಯ ಮೇಲೆ ಆನೆ, ಜಿರಾಫೆ ಬರೆಸಲು ಇಪ್ಪತ್ತೆರಡು ಸಾವಿರ. ಪ್ಲಾಸ್ಟಿಕ್ ಜಾರುಬಂಡಿಗೆ ಇಪ್ಪತ್ತೆಂಟು ಸಾವಿರ. ನಮ್ಮ ಏಪ್ರಿಲ್ ಬಿಸಿಲಿಗೆ ಅದರ ಮೇಲೆ ಕುಳಿತ ಮಗುವಿನ ತೊಡೆ ಕೆಂಪಾಯಿತು, ಎರಡನೆಯ ಬೇಸಿಗೆಗೆ ಜಾರುಬಂಡಿಯೇ ಬಿರುಕು ಬಿಟ್ಟಿತು. ನಲವತ್ತು ಮಕ್ಕಳಿಗೆ ಇಬ್ಬರು ಟೀಚರ್, ಒಬ್ಬ ಆಯಾ. ಆಯಾಳಿಗೆ ಕೊಡುತ್ತಿದ್ದದ್ದು ಮೂರು ಸಾವಿರ, ಅದೂ ಹತ್ತೇ ತಿಂಗಳು. ಬೇಸಿಗೆ ರಜೆಯಲ್ಲಿ ಸಂಬಳವಿಲ್ಲದ್ದರಿಂದ ಪ್ರತಿ ಜೂನ್‌ನಲ್ಲೂ ಹೊಸ ಆಯಾ. ಮಕ್ಕಳ ಹೆಸರು ಅವಳಿಗೆ ಬಾಯಿಗೆ ಬರುವಷ್ಟರಲ್ಲಿ ದಸರಾ ಬಂದಿರುತ್ತಿತ್ತು.

ಕಣ್ಣು ತೆರೆಸಿದ್ದು ಒಬ್ಬ ಲಂಬಾಣಿ ಹುಡುಗಿ. ಮೂರೂವರೆ ವರ್ಷ. ಮನೆಯಲ್ಲಿ ಅವರ ಭಾಷೆ ಬಿಟ್ಟರೆ ಬೇರೆ ಮಾತಿಲ್ಲ. ಮೂತ್ರಕ್ಕೆ ಹೋಗಬೇಕೆಂದು ಆ ಮಗು ಮೂರು ಸಲ ಹೇಳಿದೆ. ನಮ್ಮ ಟೀಚರ್ ದಕ್ಷಿಣದ ಕಡೆಯವರು, ತಿಳಿಯಲಿಲ್ಲ. ಕುಳಿತಲ್ಲೇ ಆಯಿತು. ಅವತ್ತಿನ ಡೈರಿಯಲ್ಲಿ ‘ಹಠಮಾರಿ’ ಎಂದು ಬರೆದು ಕಳುಹಿಸಿದೆವು. ಮರುದಿನದಿಂದ ಮಗು ಬರಲಿಲ್ಲ. ಎಂಟು ದಿನ ಬಿಟ್ಟು ತಂದೆ ಬಂದು ಕಟ್ಟಿದ್ದ ಫೀ ವಾಪಸ್ ಕೇಳಿದಾಗ, ಎರಡು ಸಾವಿರಕ್ಕಾಗಿ ನಾನು ಅವರೊಂದಿಗೆ ವಾದಕ್ಕಿಳಿದೆ. ನಾಚಿಕೆಯ ಮಾತು, ಆದರೂ ಬರೆಯುತ್ತಿದ್ದೇನೆ.

ಮುಂದಿನ ವರ್ಷ ಮಕ್ಕಳನ್ನು ಮೂವತ್ತೆರಡಕ್ಕೆ ಇಳಿಸಿದೆ. ಎಂಟೆಂಟರ ನಾಲ್ಕು ಗುಂಪು, ಗುಂಪಿಗೆ ಒಬ್ಬ ಹೆಂಗಸು. ಬೆಳಿಗ್ಗೆ ಬಾಗಿಲಲ್ಲಿ ಎತ್ತಿಕೊಳ್ಳುವುದು, ಉಣ್ಣಿಸುವುದು, ತೊಳೆಯುವುದು, ಮಲಗಿಸುವುದು ಎಲ್ಲವೂ ವರ್ಷಪೂರ್ತಿ ಅದೇ ಕೈಗಳಿಂದ. ಟೀಚರ್ ಒಬ್ಬರೇ, ಅವರು ಗುಂಪಿನಿಂದ ಗುಂಪಿಗೆ ಹೋಗುತ್ತಾರೆ. ನಾಲ್ವರಲ್ಲಿ ಒಬ್ಬರ ಮನೆಮಾತು ಉರ್ದು, ಒಬ್ಬರದು ಲಂಬಾಣಿ, ಒಬ್ಬರಿಗೆ ಮರಾಠಿ ಚೆನ್ನಾಗಿ ಬರುತ್ತದೆ, ಇನ್ನೊಬ್ಬರು ಜೇವರ್ಗಿ ಕಡೆಯ ಅಚ್ಚ ಕನ್ನಡದವರು. ಆಯಾ ಎಂಬ ಹೆಸರು ತಾನಾಗಿಯೇ ಬಿದ್ದುಹೋಯಿತು. ಮಕ್ಕಳಿಗೆ ಒಬ್ಬರು ಖಾಲಾ, ಒಬ್ಬರು ಯಾಡಿ (ಲಂಬಾಣಿಯಲ್ಲಿ ತಾಯಿ), ಉಳಿದಿಬ್ಬರು ಅವ್ವ. ಚಿಕ್ಕ ಮಕ್ಕಳ ಆರೈಕೆ ಮತ್ತು ಶಿಕ್ಷಣದ ಬಗ್ಗೆ 2013ರಲ್ಲಿ ಬಂದ ರಾಷ್ಟ್ರೀಯ ನೀತಿಯಲ್ಲಿ ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬರು, ಮೂರರ ಒಳಗಿನ ಹತ್ತಕ್ಕೆ ಒಬ್ಬರು ಎಂದಿದೆ. ಇಪ್ಪತ್ತು ಎಂದು ಬರೆದವರು ಒಮ್ಮೆ ಜೂನ್ ತಿಂಗಳ ಮೊದಲ ವಾರ ಬಂದು ನಮ್ಮ ಬಾಗಿಲಲ್ಲಿ ನಿಲ್ಲಬೇಕು.

ಎರಡನೆಯ ಬದಲಾವಣೆ ಪ್ರವೇಶದ ಕ್ರಮದಲ್ಲಿ. ಎಲ್ಲರನ್ನೂ ಒಂದೇ ದಿನ ಕರೆಯುವುದನ್ನು ನಿಲ್ಲಿಸಿದೆ. ಪ್ರತಿ ಸೋಮವಾರ ಗುಂಪಿಗೆ ಇಬ್ಬರಂತೆ ಎಂಟು ಹೊಸ ಮಕ್ಕಳು. ತಾಯಿಯೋ ಅಜ್ಜಿಯೋ ಮೂರು ದಿನ ಒಳಗೇ ಕೂರುತ್ತಾರೆ, ನಾಲ್ಕನೆಯ ದಿನ ಕಟ್ಟೆಯ ಮೇಲೆ, ಐದನೆಯ ದಿನ ಬಾಗಿಲಲ್ಲಿ ‘ಹೋಗಿ ಬರುತ್ತೇನೆ’ ಎಂದು ಹೇಳಿಯೇ ಹೋಗುತ್ತಾರೆ. ಕದ್ದು ಹೋಗುವಂತಿಲ್ಲ. ಕದ್ದು ಹೋದ ತಾಯಿಯ ಮಗು ಮರುದಿನ ಎರಡು ಪಟ್ಟು ಅಳುತ್ತದೆ, ಪುಸ್ತಕದಲ್ಲಿದೆ. ಹೀಗೆ ಎಲ್ಲರೂ ಸೇರುವಷ್ಟರಲ್ಲಿ ಜೂನ್ ಮುಗಿಯುತ್ತದೆ. ಮೊದಲ ವರ್ಷ ತಂದೆಯರು ಜಗಳ ತೆಗೆದರು: “ಫೀ ಒಂದನೇ ತಾರೀಖಿನಿಂದ, ಮಗು ಇಪ್ಪತ್ತೆರಡರಿಂದ, ಇದೆಂಥ ಲೆಕ್ಕ ಮೇಡಂ?” ಜೂನ್ ಫೀ ಅರ್ಧ ಮಾಡಿದೆ. ಇಪ್ಪತ್ತು ಸಾವಿರದ ಹತ್ತಿರ ಖೋತಾ. ಆರು ಮಕ್ಕಳು ಬಿಟ್ಟೂ ಹೋದರು, ಪಕ್ಕದ ಗಲ್ಲಿಯಲ್ಲಿ ನರ್ಸರಿ ಮಗುವಿಗೆ ನಾಲ್ಕು ನೋಟ್‌ಬುಕ್ ಕೊಡುತ್ತಿದ್ದರು. ನನ್ನ ಯಜಮಾನರು ಆ ವರ್ಷ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ರಾತ್ರಿ ಕ್ಯಾಲ್ಕುಲೇಟರ್ ಮಾತ್ರ ನನ್ನ ಪಕ್ಕಕ್ಕೆ ತಂದಿಡುತ್ತಿದ್ದರು.

ಆ ಕ್ಯಾಲ್ಕುಲೇಟರ್ ಹೇಳಿದ್ದು ಇಷ್ಟು. ಈಗಿನ ಲೆಕ್ಕದಲ್ಲಿ ಮೂವತ್ತೆರಡು ಮಕ್ಕಳಿಂದ ತಿಂಗಳಿಗೆ ತಲಾ ಒಂದೂವರೆ ಸಾವಿರ, ಅಂದರೆ ನಲವತ್ತೆಂಟು ಸಾವಿರ. ನಾಲ್ವರಿಗೆ ತಲಾ ಏಳೂವರೆಯಂತೆ ಮೂವತ್ತು, ಟೀಚರ್‌ಗೆ ಹತ್ತು, ಬಾಡಿಗೆ ಒಂಬತ್ತು. ಅಲ್ಲಿಗೇ ಮುಗಿಯಿತು, ಕರೆಂಟು, ಅಡುಗೆ ಗ್ಯಾಸ್ ಇನ್ನೂ ಬಾಕಿ. ಮುಳುಗದಂತೆ ಉಳಿಸಿದ್ದು ಮಧ್ಯಾಹ್ನದ ನಂತರದ ಮಕ್ಕಳು. ನಮ್ಮ ಕಲಬುರಗಿ ವಿಭಾಗದಲ್ಲಿ ಬಿಸಿಲಿನ ಕಾರಣಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಎಲ್ಲ ನರ್ಸರಿಗೂ ರಜೆ, ನೌಕರಿಯ ತಾಯಂದಿರಿಗೆ ರಜೆಯಿಲ್ಲ. ನಾನು ಏಳೂವರೆಗೆ ಬಾಗಿಲು ತೆರೆದೆ. ಉಳಿದ ತಿಂಗಳುಗಳಲ್ಲಿ ಸಂಜೆ ಆರರವರೆಗೆ ಹನ್ನೆರಡು ಮಕ್ಕಳು ಇರುತ್ತಾರೆ, ಅದಕ್ಕೆ ಬೇರೆ ಒಂದೂವರೆ ಸಾವಿರ. ಹೀಗಾಗಿ ಹನ್ನೆರಡೂ ತಿಂಗಳು ಸಂಬಳ ಕೊಡಲು ಆಯಿತು, ಜೂನ್‌ನಲ್ಲಿ ಅವೇ ಮುಖಗಳು ಉಳಿದವು. ಕೊರೋನಾ ಬಂದಾಗ ಮಾತ್ರ ಅರ್ಧ ಸಂಬಳ, ಅದಕ್ಕೂ ಸಾಲ. ಆ ಸಾಲ ತೀರಿದ್ದು ಹೋದ ವರ್ಷ.

ಮಧ್ಯೆ ಕೆಲವು ಹುಚ್ಚಾಟಗಳನ್ನೂ ಮಾಡಿದ್ದೇನೆ. ಅಂಗಡಿಯ ಬಣ್ಣದ ಜೇಡಿ ದುಬಾರಿ ಎಂದು ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ ಕೊಟ್ಟೆ. ರೊಟ್ಟಿ ಬಡಿಯುವುದನ್ನು ದಿನವೂ ನೋಡುವ ಮಕ್ಕಳು, ಟಪಟಪ ಬಡಿದೇ ಬಡಿದರು. ಆದರೆ ಜೋಳಕ್ಕೆ ಜಿಗುಟಿಲ್ಲ, ಅರ್ಧ ಗಂಟೆಯಲ್ಲಿ ಒಣಗಿ ಸೀಳುತ್ತದೆ. ಅರ್ಧ ಗೋಧಿ ಹಿಟ್ಟು, ಒಂದು ಹಿಡಿ ಉಪ್ಪು, ಸ್ವಲ್ಪ ಎಣ್ಣೆ ಸೇರಿಸಿದ ಮೇಲೆ ಎರಡು ದಿನ ಬಾಳಿಕೆ ಬಂತು. ಎಣಿಸಲು ತೊಗರಿ ಕಾಳು ಕೊಟ್ಟಿದ್ದು ದೊಡ್ಡ ತಪ್ಪು. ತೊಗರಿಯ ಕಣಜದಲ್ಲಿ ಇದ್ದುಕೊಂಡು ಬೇರೇನು ಕೊಡುವುದು ಎಂಬ ಜಂಬ. ಒಬ್ಬ ಹುಡುಗ ಮೂಗಿಗೆ ಏರಿಸಿಕೊಂಡ, ಆಸ್ಪತ್ರೆಗೆ ಟಂಟಂ ಆಟೊದಲ್ಲಿ ಓಡಿದೆವು, ಡಾಕ್ಟರ್ ಬೈದರು. ಅಂದಿನಿಂದ ನಿಂಬೆಹಣ್ಣಿಗಿಂತ ಚಿಕ್ಕದು ಯಾವುದೂ ಮಕ್ಕಳ ಕೈಗೆ ಹೋಗುವುದಿಲ್ಲ. ಮರಳಿನ ಗುಂಡಿ ಮಾಡಿದರೆ ಓಣಿಯ ಬೆಕ್ಕುಗಳಿಗೆ ಪಾಯಿಖಾನೆಯಾಯಿತು. ಈಗ ರಾತ್ರಿ ತಾಡಪತ್ರಿ ಹಾಸಿ ಅಂಚಿಗೆ ಪರಸಿ ಕಲ್ಲಿನ ತುಂಡು ಹೇರುತ್ತೇವೆ. ಆ ಪರಸಿ ಎತ್ತುವಾಗ ಚೇಳಿದೆಯೇ ಎಂದು ನೋಡುವುದು ನನ್ನದೇ ಕೆಲಸ, ಬೇರೆಯವರಿಗೆ ಬಿಡುವುದಿಲ್ಲ.

ಒಂದು ವರ್ಷ ನಿವೃತ್ತ ಬಸ್ ಕಂಡಕ್ಟರ್ ಒಬ್ಬರಿಗೆ ಒಂದು ಗುಂಪು ಕೊಟ್ಟಿದ್ದೆ. ಅವರ ಗುಂಪಿನ ಪುಟಗಳು ಪುಸ್ತಕದಲ್ಲಿ ಬಹುತೇಕ ಖಾಲಿ. ಅಳುವವರೇ ಇರಲಿಲ್ಲ, ಸೀಟಿ ಊದಿ ಬಸ್ ಆಟ ಆಡಿಸುತ್ತಿದ್ದರು. ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ನಡೆಸಿದ ಗಿಜುಭಾಯಿ ಬಧೇಕಾ ಅವರನ್ನು ಜನ ‘ಮೀಸೆಯ ತಾಯಿ’ ಎಂದೇ ಕರೆಯುತ್ತಿದ್ದರೆಂದು ತಾಯಂದಿರಿಗೆ ಹೇಳಿ ನೋಡಿದೆ. ಒಪ್ಪಲಿಲ್ಲ. ಹೆಣ್ಣುಮಕ್ಕಳನ್ನು ತೊಳೆಯಲು ಹೆಂಗಸೇ ಬೇಕು ಎಂದರು, ಅದರಲ್ಲಿ ತಪ್ಪೂ ಇರಲಿಲ್ಲ. ನಾಲ್ಕು ತಿಂಗಳಿಗೆ ಕಾಕಾ ತಾವೇ ಬಿಟ್ಟು ಹೋದರು.

ಪುಸ್ತಕದ ಲೆಕ್ಕ ಕೇಳುವವರಿಗಾಗಿ ಹೇಳುತ್ತೇನೆ. ಬರೆಯಲು ಶುರು ಮಾಡಿದ ಮೊದಲ ಜೂನ್ ಹಳೆಯ ಪದ್ಧತಿಯದ್ದು. ಎರಡನೆಯ ವಾರದಲ್ಲೂ ಒಂದೊಂದು ಮಗು ದಿನಕ್ಕೆ ನಲವತ್ತು, ಐವತ್ತು ನಿಮಿಷ ಅತ್ತಿತ್ತು. ಈಗ ಸೇರಿದ ಎರಡನೆಯ ವಾರದಲ್ಲಿ ಐದು ನಿಮಿಷ ದಾಟುವವರು ಮೂವತ್ತೆರಡರಲ್ಲಿ ಮೂವರೋ ನಾಲ್ವರೋ. ಅಕ್ಷರ ಕಲಿಸುವುದಿಲ್ಲ ಎಂದು ಮೂದಲಿಸುತ್ತಿದ್ದ ಒಂದು ದೊಡ್ಡ ಶಾಲೆಯವರೇ ಈಗ ಪ್ರವೇಶದ ದಿನ ‘ನಿಮ್ಮ ನರ್ಸರಿಯ ಮಗುವೇ?’ ಎಂದು ಕೇಳಿ ಒಳಗೆ ಕರೆಯುತ್ತಾರಂತೆ. ಪುಸ್ತಕ ನೋಡಿ ನಕ್ಕವರು ಎರಡು ವರ್ಷದ ಹಿಂದೆ ತಮ್ಮ ಮೊಮ್ಮಗನನ್ನು ನನ್ನಲ್ಲಿಗೇ ತಂದು ಬಿಟ್ಟರು. ನಾನು ನಗಲಿಲ್ಲ, ಫೀಯಲ್ಲಿ ರಿಯಾಯಿತಿಯನ್ನೂ ಕೊಡಲಿಲ್ಲ.

ಯಾವ ಮಗುವನ್ನು ಯಾರ ಮಡಿಲಿಗೆ ಹಾಕಬೇಕೆಂದು ಮೊದಲ ಅರ್ಧ ಗಂಟೆಯಲ್ಲೇ ತೀರ್ಮಾನಿಸುತ್ತೇನೆ. ಭಾಷೆ ಒಂದೇ ಅಲ್ಲ, ಇನ್ನೊಂದನ್ನು ನೋಡುತ್ತೇನೆ. ಕೆಲಸ ಕೇಳಿ ಬಂದ ಹೆಂಗಸರಿಗೆ ಕೇಳುವ ಪ್ರಶ್ನೆಯೂ ಒಂದೇ. ಇವೆರಡನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಓಣಿಯಲ್ಲೇ ಎರಡು ಹೊಸ ನರ್ಸರಿ ಬೋರ್ಡು ಎದ್ದಿವೆ.

ಬರುವ ಜೂನ್‌ಗೆ ಐದನೆಯ ಗುಂಪು ಮಾಡಿ ಎಂದು ಒತ್ತಾಯವಿದೆ. ಹದಿನಾರು ಹೆಸರು ಆಗಲೇ ಬರೆಸಿ ಹೋಗಿದ್ದಾರೆ, ಅರ್ಧ ತಾಂಡಾದ ಕಡೆಯವರು. ಲಂಬಾಣಿ ಮಾತನಾಡುವ ಇನ್ನೊಬ್ಬರು ಮೇ ಒಳಗೆ ಸಿಕ್ಕರೆ ಎಂಟು ಮಕ್ಕಳನ್ನು ತೆಗೆದುಕೊಳ್ಳುತ್ತೇನೆ, ಸಿಗದಿದ್ದರೆ ಇಲ್ಲ.