ಬಾಗಿಲಲ್ಲೇ ಸೋರಿ ಹೋಗುತ್ತಿದ್ದ ಬೇಸ್

ನನ್ನ ಫೋನಿನಲ್ಲಿ ಡೊಳ್ಳು ಕುಣಿತದ ಒಂದು ರೆಕಾರ್ಡಿಂಗ್ ಇದೆ. ಹೆಡ್‌ಫೋನ್ ಹಾಕಿ ಕೇಳಿದರೆ ಎದೆಗೇ ಗುದ್ದುತ್ತದೆ. ಕಾರಿನಲ್ಲಿ ಹಾಕಿದರೆ ಖಾಲಿ ಎಣ್ಣೆ ಡಬ್ಬ ಬಡಿದ ಹಾಗೆ ಕೇಳುತ್ತಿತ್ತು. ನನ್ನದು ಹಳೇ ಹ್ಯಾಚ್‌ಬ್ಯಾಕ್. ಸ್ಟೀರಿಯೋ ಮೊದಲೇ ಬದಲಿಸಿದ್ದೆ. ತಪ್ಪೆಲ್ಲ ಸ್ಪೀಕರಿನದೇ ಅಂದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಆರೂವರೆ ಇಂಚಿನ ಜೋಡಿ ತಂದೆ. ಡಬ್ಬದ ಮೇಲೆ 300 ವ್ಯಾಟ್ ಅಂತ ದಪ್ಪಕ್ಷರ, ಕೆಳಗೆ ಸಣ್ಣದಾಗಿ ಆರ್‌ಎಂಎಸ್ 50, ಅಂದರೆ ಸ್ಪೀಕರ್ ಸತತವಾಗಿ ತಾಳುವ ವ್ಯಾಟ್. ನಂಬಬೇಕಾದ್ದು ಆ ಸಣ್ಣಕ್ಷರವನ್ನೇ.

ನಾನೇ ಕೂರಿಸಿದೆ. ಬೇಸ್, ಅಂದರೆ ತಗ್ಗು ದನಿಯ ಗುದ್ದು, ಇದ್ದದ್ದೂ ಹೋಯಿತು!

ಬೇಜಾರಲ್ಲಿ ಸುಮ್ನೆ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಒಂದೇ ಸ್ಪೀಕರ್ ಹಾಡುವಾಗ ಬೇಸ್ ಜಾಸ್ತಿ, ಎರಡೂ ಸೇರಿದರೆ ಕಮ್ಮಿ. ಆಗ ಹೊಳೆಯಿತು. ಬಲಗಡೆ ಪ್ಲಸ್ಸು ಮೈನಸ್ಸು ಅದಲು ಬದಲು ಮಾಡಿದ್ದೆ. ಒಂದು ಸ್ಪೀಕರಿನ ಕೋನ್, ಅಂದರೆ ಅಲುಗುವ ಪರದೆ, ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು, ಬೇಸ್ ನಡುವೆಯೇ ಸತ್ತು ಹೋಗುತ್ತಿತ್ತು. ಇದನ್ನು ನೋಡಲು ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ಸ್ಟೀರಿಯೋದಿಂದ ತಂತಿ ಬಿಚ್ಚಿ, ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ. ಪ್ಲಸ್ಸಿಗೆ ಪ್ಲಸ್ ಸಿಕ್ಕಿದ್ದರೆ ಕೋನ್ ಹೊರಕ್ಕೆ ಬರುತ್ತದೆ.

ಆದರೂ ಡಬ್ಬದ ಸದ್ದು ಪೂರ್ತಿ ಹೋಗಲಿಲ್ಲ. ಡೋರ್ ಪ್ಯಾಡ್ ಬಿಚ್ಚಿದಾಗ ಕಾರಣ ಕಣ್ಣೆದುರಿಗೇ ಇತ್ತು. ಒಳಗಿನ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳು, ಮೇಲೆ ಒಂದು ತೆಳು ಪ್ಲಾಸ್ಟಿಕ್ ಹಾಳೆ, ಅಷ್ಟೇ. ಸ್ಪೀಕರ್ ಹಿಂದೆ ಹುಟ್ಟಿದ ಸದ್ದು ಆ ತೂತುಗಳಿಂದ ಹೊರಬಂದು ಮುಂದಿನ ಸದ್ದನ್ನು ಕೊಲ್ಲುತ್ತಿತ್ತು. ತಂತಿ ತಿರುಗಿಸಿದಾಗ ಆದದ್ದೇ ಇಲ್ಲಿ ಒಂದೇ ಬಾಗಿಲಿನೊಳಗೆ ಆಗುತ್ತಿತ್ತು.

ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ತಗಡಿನ ಧೂಳು, ಎಣ್ಣೆ ಒರೆಸಿ ತಗಡಿನ ನಡುಕ ತಡೆಯುವ 2 ಮಿಲಿಮೀಟರ್ ಬ್ಯೂಟೈಲ್ ರಬ್ಬರ್ ಶೀಟನ್ನು ಹೊರಗಿನ ತಗಡಿನ ಒಳಮೈಗೆ ಅಂಟಿಸಿ, ರೋಲರಿನಿಂದ ಗಟ್ಟಿಯಾಗಿ ಒತ್ತಿದೆ. ದೊಡ್ಡ ತೂತುಗಳಿಗೆ ಅಲ್ಯೂಮಿನಿಯಂ ತಗಡು ಕತ್ತರಿಸಿಟ್ಟು ಅದರ ಮೇಲೂ ಶೀಟ್. ಬಾಗಿಲಿನ ಅಡಿಯಲ್ಲಿ ಮಳೆನೀರು ಇಳಿಯುವ ಕಿರುತೂತುಗಳನ್ನು ಮಾತ್ರ ಮುಚ್ಚಬೇಡಿ, ತುಕ್ಕು ಹಿಡಿಯುತ್ತದೆ. ಗಾಜನ್ನು ಮೇಲೆ ಕೆಳಗೆ ಆಡಿಸಿ ನೋಡಿಯೇ ಪ್ಯಾಡ್ ಹಾಕಿ. ನಾನು ನೋಡದೆ ಹಾಕಿ ಎರಡನೇ ಸಲ ಬಿಚ್ಚಿದೆ, ಎರಡು ಕ್ಲಿಪ್ ಮುರಿದವು.

ಬಾಗಿಲು ಮುಚ್ಚಿದರೆ ಈಗ ದಪ್ಪ್ ಅನ್ನುತ್ತದೆ. ಡೊಳ್ಳಿಗೆ ಮೈ ಬಂತು. ನನ್ನನ್ನು ಕೇಳಿದರೆ ಹೊಸ ಸ್ಪೀಕರಿಗಿಂತ ಮೊದಲು ಇದನ್ನೇ ಮಾಡಬೇಕಿತ್ತು.

ಕೆಲವು ತಿಂಗಳ ನಂತರ ಆಸೆ ತಡೆಯದೆ ಡಿಕ್ಕಿಗೆ ಬರೀ ಬೇಸ್ ನುಡಿಸುವ 10 ಇಂಚಿನ ಸಬ್‌ವೂಫರ್, ಅದನ್ನು ನಡೆಸಲು ಒಂದು ಆಂಪ್ ಇಟ್ಟೆ. ಪೂರ್ತಿ ಮುಚ್ಚಿದ ಪೆಟ್ಟಿಗೆ, ಒಂದು ಘನ ಅಡಿ. ಆಂಪಿಗೆ ಹೋಗುವ ತಂತಿಗೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಫ್ಯೂಸ್. ಅರ್ಥ್ ತಂತಿ ಕೂರುವ ಕಡೆ ಬಣ್ಣ ಕೆರೆದು ಬರೀ ಲೋಹಕ್ಕೇ ಬೋಲ್ಟ್ ಮಾಡಿದೆ. ಆಂಪಿನ ಗೇನ್ ತಿರುಪು ಅಂದರೆ ವಾಲ್ಯೂಮ್ ಅಲ್ಲ, ಸ್ಟೀರಿಯೋದ ಸಿಗ್ನಲ್‌ಗೆ ಆಂಪನ್ನು ಹೊಂದಿಸುವುದು, ಇಲ್ಲೇ ಜನ ಸಬ್ ಸುಡುವುದು. ನನ್ನ ಆಂಪ್ 4 ಓಮ್‌ಗೆ 200 ವ್ಯಾಟ್ ಕೊಡುತ್ತದೆ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 28 ವೋಲ್ಟ್. ಸಬ್ ತಂತಿ ಬಿಚ್ಚಿ, ಬೇಸ್ ಬೂಸ್ಟ್ ಆಫ್ ಮಾಡಿ, ಸ್ಟೀರಿಯೋ ಮುಕ್ಕಾಲು ವಾಲ್ಯೂಮಿನಲ್ಲಿಟ್ಟು 50 ಹರ್ಟ್ಸ್ ಟೋನ್ ಹಾಕಿದೆ. ಆಂಪಿನ ಸಬ್ ತಂತಿ ಕೂರುವ ಕಡೆ ಹಿಡಿದ ಎಸಿ ವೋಲ್ಟ್ ಮೀಟರ್ 28 ತೋರಿಸಿದಾಗ ಗೇನ್ ನಿಲ್ಲಿಸಿದೆ. 80 ಹರ್ಟ್ಸಿನ ಕೆಳಗಿನದು ಸಬ್‌ಗೆ, ಮೇಲಿನದು ಬಾಗಿಲಿಗೆ.

ಕೊನೆಗೆ ಫೇಸ್ ಸ್ವಿಚ್, ಅಂದರೆ ಸಬ್ಬಿನ ಪ್ಲಸ್ಸು ಮೈನಸ್ಸು ಅದಲು ಬದಲು ಮಾಡಿದ ಹಾಗೆ ತಿರುಗಿಸುವ ಗುಂಡಿ. ನಾನು ಡ್ರೈವರ್ ಸೀಟಿನಲ್ಲಿ ಕೂತೆ, ತಮ್ಮ ಡಿಕ್ಕಿ ಹತ್ತಿರ ನಿಂತ. "ಅಣ್ಣಾ, ಇದಾ? ಇದಾ?" ಅಂತ 0, 180 ಬದಲಿಸುತ್ತಾ ಹೋದ. 180ರಲ್ಲಿ ಬೇಸ್ ತುಂಬಿ ಬಂತು, ಅಲ್ಲೇ ಬಿಟ್ಟೆವು. ಆಮೇಲೆ ಹಿಂದಿನಿಂದ ಗಲಗಲ ಶುರುವಾಯಿತು. ಹುಡುಕಿದರೆ ನಂಬರ್ ಪ್ಲೇಟ್. ಹಿಂದೆ ಎರಡು ತುಂಡು ಫೋಮ್ ಸಿಕ್ಕಿಸಿದೆ.